ಶಿಕ್ಷಕರ ಅಂಚೆ: ಶಾಲಾ ಆರೋಗ್ಯದ ಕ್ರಿಯಾ ಸಂಶೋಧನೆಗೆ ಪ್ರಶ್ನೆ ಎಲ್ಲಿಂದ ತರುವುದು?

ಕ್ರಿಯಾ ಸಂಶೋಧನೆಯ, ಅಂದರೆ ಶಿಕ್ಷಕರು ತಮ್ಮ ಶಾಲೆಯ ಸಮಸ್ಯೆಯೊಂದಕ್ಕೆ ತಾವೇ ಪರಿಹಾರವನ್ನು ಪ್ರಯೋಗಿಸಿ ನೋಡುವ ಅಧ್ಯಯನದ, ಪ್ರಸ್ತಾವಗಳನ್ನು ಸಲ್ಲಿಸುವ ಕಾಲ ಹತ್ತಿರವಾದಾಗಲೆಲ್ಲ ಈ ಅಂಕಣಕ್ಕೆ ಬರುವ ಪತ್ರಗಳ ಸಂಖ್ಯೆ ಏರುತ್ತದೆ. ಪ್ರತಿ ವರ್ಷ ಭಾಗಾಕಾರ, ಒತ್ತಕ್ಷರ, ಓದುವ ವೇಗ ಇವುಗಳ ಬಗ್ಗೆ ಕೇಳುತ್ತಿದ್ದವರು ಈ ಸಲ ಮಕ್ಕಳ ಆರೋಗ್ಯದ ಕಡೆಗೆ ತಿರುಗಿದ್ದಾರೆ. ಬಂದ ಪತ್ರಗಳಲ್ಲಿ ಆರನ್ನು ಆಯ್ದು, ಉದ್ದವಾದುವನ್ನು ಸಂಕ್ಷೇಪಿಸಿ, ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು 140 ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆ. ಶಾಲಾ ಆರೋಗ್ಯ ಮತ್ತು ಸ್ವಾಸ್ಥ್ಯ ಕಾರ್ಯಕ್ರಮದಡಿ ನಾನು ಆರೋಗ್ಯ ರಾಯಭಾರಿ, ಅಂದರೆ ಮಕ್ಕಳಿಗೆ ಆರೋಗ್ಯದ ಪಾಠ ಹೇಳುವ ಹೊಣೆ ಹೊತ್ತ ಶಿಕ್ಷಕಿ. ‘ಪ್ರಾಥಮಿಕ ಶಾಲಾ ಮಕ್ಕಳಲ್ಲಿ ಕೈ ತೊಳೆಯುವ ಬಗ್ಗೆ ಅರಿವು ಮೂಡಿಸುವುದು: ಒಂದು ಅಧ್ಯಯನ’ ಎಂಬ ಪ್ರಸ್ತಾವವನ್ನು ಬರೆದೆ. ಸಂಶೋಧನಾ ಪ್ರಶ್ನೆ ಸ್ಪಷ್ಟವಿಲ್ಲವೆಂದು ವಾಪಸು ಬಂತು. ಬಿಸಿಯೂಟದ ಗಂಟೆ ಹೊಡೆದ ಹತ್ತು ನಿಮಿಷಕ್ಕೆಲ್ಲ ನಮ್ಮ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕುಳಿತಿರುತ್ತಾರೆ, ಐದು ನಲ್ಲಿಗಳಿವೆ, ಆದರೂ ಅರ್ಧದಷ್ಟು ಮಕ್ಕಳು ಸೋಪು ಮುಟ್ಟುವುದಿಲ್ಲ. ನಾನು ಎಲ್ಲಿ ತಪ್ಪಿದೆ?
— ಸಹಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಶೀರ್ಷಿಕೆಯಲ್ಲಿ ಪ್ರಶ್ನೆಯೇ ಇಲ್ಲ, ಆದರೆ ನಿಮ್ಮ ಪತ್ರದ ಕೊನೆಯ ಎರಡು ವಾಕ್ಯಗಳಲ್ಲಿ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ. ‘ಅರಿವು ಮೂಡಿಸುವುದು’ ಎಂದು ಬರೆದ ಕೂಡಲೇ ನೀವು ಒಂದು ತೀರ್ಪನ್ನು ಕೊಟ್ಟುಬಿಟ್ಟಿರಿ: ಮಕ್ಕಳಿಗೆ ಗೊತ್ತಿಲ್ಲ, ಆದ್ದರಿಂದ ತೊಳೆಯುವುದಿಲ್ಲ ಎಂದು. ಗೊತ್ತಿಲ್ಲವೇ ಎಂಬುದನ್ನು ನಾಳೆ ಬೆಳಿಗ್ಗೆ ಪ್ರಾರ್ಥನೆಯ ನಂತರ ಕೇಳಿ ನೋಡಿ. ಮೂರನೆಯ ತರಗತಿಯ ಮಗುವೂ ಊಟಕ್ಕೆ ಮೊದಲು, ಶೌಚದ ನಂತರ ಎಂದು ಪಟಪಟನೆ ಹೇಳುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಸೋಪು ಹಚ್ಚಿ, ಬೆರಳುಗಳ ಸಂದಿಗಳನ್ನು ಉಜ್ಜಿ, ನೀರಿನಲ್ಲಿ ತೊಳೆಯಲು ಒಂದು ಮಗುವಿಗೆ ಕಡಿಮೆಯೆಂದರೂ 40 ಸೆಕೆಂಡು ಬೇಕು. 140 ಮಕ್ಕಳಿಗೆ 5,600 ಸೆಕೆಂಡು. ಐದು ನಲ್ಲಿಗಳಿಗೆ ಹಂಚಿದರೆ ಒಂದೊಂದು ನಲ್ಲಿಗೆ 1,120 ಸೆಕೆಂಡು, ಅಂದರೆ ಹತ್ತಿರ ಹತ್ತಿರ 19 ನಿಮಿಷ. ಮಕ್ಕಳು ಹತ್ತು ನಿಮಿಷಕ್ಕೆ ಸಾಲಿನಲ್ಲಿ ಕುಳಿತಿರುತ್ತಾರೆಂದು ನೀವೇ ಬರೆದಿದ್ದೀರಿ. ಹತ್ತು ನಿಮಿಷದಲ್ಲಿ ಐದು ನಲ್ಲಿಗಳಲ್ಲಿ ಸರಿಯಾಗಿ ಕೈ ತೊಳೆಯಲು ಸಾಧ್ಯವಿರುವುದು 75 ಮಕ್ಕಳಿಗೆ ಮಾತ್ರ. ಅರ್ಧದಷ್ಟು ಮಕ್ಕಳು ಸೋಪು ಮುಟ್ಟುವುದಿಲ್ಲ ಎಂದಿರಲ್ಲ, ಅವರ ಸಂಖ್ಯೆಯೂ ಈ ಲೆಕ್ಕಕ್ಕೆ ಬಹಳ ದೂರವಿಲ್ಲ. ಇಷ್ಟಕ್ಕೂ ಸೋಪು ಎಲ್ಲಿರುತ್ತದೆ? ನಾನು ನೋಡಿದ ಹಲವು ಶಾಲೆಗಳಲ್ಲಿ ಅದು ಕಳುವಾಗುತ್ತದೆಂಬ ಭಯದಿಂದ ಕಚೇರಿಯ ಬೀರುವಿನಲ್ಲಿ ಭದ್ರವಾಗಿರುತ್ತದೆ.

ಹೀಗೆ ನೋಡಿದಾಗ ನಿಮ್ಮ ಪ್ರಶ್ನೆ ಅರಿವಿನಿಂದ ನಲ್ಲಿಯ ಬುಡಕ್ಕೆ ಇಳಿಯುತ್ತದೆ. ಉದಾಹರಣೆಗೆ: ‘1ರಿಂದ 3ನೇ ತರಗತಿಯ ಮಕ್ಕಳನ್ನು ಊಟಕ್ಕೆ ಹತ್ತು ನಿಮಿಷ ಮೊದಲೇ ಬಿಟ್ಟು, ಪ್ರತಿ ನಲ್ಲಿಗೆ ಬಲೆಚೀಲದಲ್ಲಿ ಸೋಪನ್ನು ಕಟ್ಟಿದರೆ, ಆರು ವಾರಗಳಲ್ಲಿ ನಮ್ಮ ಶಾಲೆಯಲ್ಲಿ ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವ ಮಕ್ಕಳ ಸಂಖ್ಯೆ ಎಷ್ಟು ಬದಲಾಗುತ್ತದೆ?’ ಇದರಲ್ಲಿ ಯಾರು, ಎಲ್ಲಿ, ಏನು ಮಾಡಿದರೆ, ಎಷ್ಟು ದಿನದಲ್ಲಿ, ಯಾವುದು ಬದಲಾಗುತ್ತದೆ ಎಂಬುದೆಲ್ಲವೂ ಇದೆ. ಅದಕ್ಕಿಂತ ಮುಖ್ಯವಾಗಿ, ಉತ್ತರ ‘ಏನೂ ಬದಲಾಗಲಿಲ್ಲ’ ಎಂದು ಬರುವುದಕ್ಕೂ ಇದರಲ್ಲಿ ಅವಕಾಶವಿದೆ. ಸೋಲುವ ಸಾಧ್ಯತೆಯೇ ಇಲ್ಲದ ಪ್ರಶ್ನೆಯನ್ನು ನಾನು ಪ್ರಶ್ನೆಯೆಂದು ಕರೆಯಲಾರೆ. ‘ಅರಿವು ಮೂಡಿಸುವುದು’ ಎಂದೂ ಸೋಲುವುದಿಲ್ಲ. ಒಂದು ಭಿತ್ತಿಚಿತ್ರ, ಒಂದು ಭಾಷಣ, ಕೊನೆಗೆ ಒಂದು ಪರೀಕ್ಷೆ, ಅಷ್ಟರಲ್ಲಿ ಅರಿವು ಮೂಡಿತು.

ಅಳೆಯುವ ಬಗ್ಗೆಯೂ ಒಂದು ಮಾತು. ಮಕ್ಕಳನ್ನು ಕೇಳಿ ಬರೆದುಕೊಳ್ಳಬೇಡಿ, ಎಲ್ಲರೂ ‘ಹೌದು ಮಿಸ್’ ಎನ್ನುತ್ತಾರೆ. ನೀವು ನಲ್ಲಿಯ ಪಕ್ಕದಲ್ಲಿ ನಿಂತು ಎಣಿಸಿದರೂ ಕಷ್ಟ, ನಿಮ್ಮನ್ನು ಕಂಡು ತೊಳೆಯುತ್ತಾರೆ. ಅದಕ್ಕೊಂದು ಉಪಾಯವಿದೆ. ಸೋಮವಾರ ಹೊಸ ಸೋಪನ್ನು ಕಟ್ಟುವ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ, ಶನಿವಾರ ಉಳಿದ ತುಂಡನ್ನು ಒಣಗಿಸಿ ಮತ್ತೆ ತೂಗಿ. ನೀವು ಎಣಿಸಿದ ಸಂಖ್ಯೆಯೂ ಸೋಪು ಸವೆದ ತೂಕವೂ ಒಂದೇ ದಿಕ್ಕಿನಲ್ಲಿ ಹೋದರೆ ನಂಬಿ. ಎಣಿಕೆ ಏರಿ ಸೋಪು ಸವೆಯದಿದ್ದರೆ, ನೀವು ನೋಡಿದ್ದು ನಿಮಗಾಗಿ ನಡೆದ ನಾಟಕ.

ಪ್ರಶ್ನೆ: ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ವಾರಕ್ಕೊಮ್ಮೆ ಕೊಡುತ್ತೇವೆ. ಬಾಯಿಗೆ ಹಾಕಿಕೊಂಡಂತೆ ಮಾಡಿ ಹೊರಗೆ ಹೋಗಿ ಉಗುಳುವ ಮಕ್ಕಳಿದ್ದಾರೆ. ಕಾಂಪೌಂಡಿನ ಬೇವಿನ ಮರದ ಬುಡದಲ್ಲಿ ನೀಲಿ ಮಾತ್ರೆಗಳು ಬಿದ್ದಿರುವುದನ್ನು ನಾನೇ ಕಂಡಿದ್ದೇನೆ. ‘ಹದಿಹರೆಯದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯ ನಿವಾರಣೆ’ ಎಂಬ ವಿಷಯವನ್ನು ತೆಗೆದುಕೊಳ್ಳಬಹುದೇ?
— ವಿಜ್ಞಾನ ಶಿಕ್ಷಕರು, ಪ್ರೌಢಶಾಲೆ, ಕೊಪ್ಪಳ ಜಿಲ್ಲೆ

ಉತ್ತರ: ರಕ್ತಹೀನತೆಯ ನಿವಾರಣೆಯನ್ನು ನಿಮ್ಮ ಹೆಗಲ ಮೇಲೆ ಹಾಕಿಕೊಳ್ಳಬೇಡಿ. ಅದಕ್ಕೆ ಮನೆಯ ಊಟ, ಜಂತುಹುಳು, ಮಲೇರಿಯಾ, ಮುಟ್ಟಿನ ರಕ್ತಸ್ರಾವ ಎಂದು ನೂರು ಬೇರುಗಳಿವೆ. ಹಿಮೋಗ್ಲೋಬಿನ್ ಅಳೆಯುವುದು ಆರೋಗ್ಯ ಸಿಬ್ಬಂದಿಯ ಕೆಲಸ, ಮತ್ತು ವಾರಕ್ಕೊಂದು ಮಾತ್ರೆಯಿಂದ ನಿಮ್ಮ ಎರಡು ತಿಂಗಳ ಅವಧಿಯಲ್ಲಿ ಅದು ಎಷ್ಟು ಏರಿತು ಎಂಬುದನ್ನು ನಲವತ್ತು ಮಕ್ಕಳಿಂದ ಹೇಳಲಾಗದು. ನಿಮ್ಮ ಕೈಯಲ್ಲಿರುವುದು ಬೇವಿನ ಮರದ ಬುಡ. ಅಲ್ಲಿಂದ ಶುರುಮಾಡಿ.

ಮೊದಲ ವಾರ ಯಾರನ್ನೂ ಗದರಿಸದೆ, ಉಗುಳಿದವರು ಯಾರೆಂದು ಹುಡುಕದೆ, ಬಿದ್ದ ಮಾತ್ರೆಗಳನ್ನು ಮಾತ್ರ ಎಣಿಸಿ. ಆಮೇಲೆ ನಾಲ್ಕೈದು ಹುಡುಗಿಯರೊಂದಿಗೆ ಸಲಿಗೆಯಿಂದ ಮಾತಾಡುವ ಶಿಕ್ಷಕಿಯೊಬ್ಬರ ಮೂಲಕ ಕಾರಣ ಕೇಳಿಸಿ. ಬಹುಶಃ ಎರಡು ಕಾರಣಗಳು ಬರುತ್ತವೆ: ತಿಂದರೆ ಹೊಟ್ಟೆ ತೊಳಸುತ್ತದೆ, ಮತ್ತು ಮಲ ಕಪ್ಪಗಾಗುತ್ತದೆ. ಎರಡೂ ನಿಜ. ಬರಿಹೊಟ್ಟೆಯಲ್ಲಿ ಕಬ್ಬಿಣಾಂಶದ ಮಾತ್ರೆ ನುಂಗಿದರೆ ಓಕರಿಕೆ ಬರುವುದುಂಟು, ಆದ್ದರಿಂದಲೇ ಊಟವಾದ ಮೇಲೆ ಕೊಡಬೇಕೆನ್ನುವುದು. ಮಲದ ಬಣ್ಣ ಕಪ್ಪಾಗುವುದು ಹೀರಿಕೆಯಾಗದೆ ಉಳಿದ ಕಬ್ಬಿಣದಿಂದ, ಅದರಿಂದ ಅಪಾಯವಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಹದಿಮೂರು ವರ್ಷದ ಹುಡುಗಿ ಹೆದರದೆ ಇನ್ನೇನು ಮಾಡಿಯಾಳು? ಯಾರಲ್ಲಾದರೂ ಹೇಳಿಕೊಳ್ಳುವುದಕ್ಕೂ ಆಗದು.

ಹಾಗಾಗಿ ಪ್ರಶ್ನೆಯನ್ನು ಹೀಗೆ ಕಟ್ಟಬಹುದು: ‘ಮಾತ್ರೆಯನ್ನು ಬಿಸಿಯೂಟ ಮುಗಿದ ಅರ್ಧ ಗಂಟೆಯೊಳಗೆ ತರಗತಿಯಲ್ಲೇ ಕುಳ್ಳಿರಿಸಿ ನೀರಿನೊಂದಿಗೆ ಕೊಟ್ಟು, ಕಪ್ಪು ಮಲದ ವಿಚಾರವನ್ನು ಮುಂಚೆಯೇ ತಿಳಿಸಿದರೆ, ಎಂಟು ವಾರಗಳಲ್ಲಿ 8ನೇ ತರಗತಿಯಲ್ಲಿ ಎಸೆದ ಮಾತ್ರೆಗಳ ಸಂಖ್ಯೆ ಕಡಿಮೆಯಾಗುತ್ತದೆಯೇ?’ ಕ್ಷೀರಭಾಗ್ಯದ ಹಾಲಿನ ಜೊತೆಯಲ್ಲೇ ಮಾತ್ರೆ ಕೊಡುವ ರೂಢಿ ನಿಮ್ಮಲ್ಲಿದ್ದರೆ ಅದನ್ನೂ ಬೇರ್ಪಡಿಸಿ. ಹಾಲಿನ ಸುಣ್ಣಾಂಶವೂ ಚಹಾವೂ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತವೆ, ನಿಂಬೆಹಣ್ಣು ಹೆಚ್ಚಿಸುತ್ತದೆ. ಜ್ವರವಿರುವ ಮಗುವಿಗೆ, ಬೇಡವೆಂದು ಹಟ ಹಿಡಿದ ಮಗುವಿಗೆ ಒತ್ತಾಯ ಮಾಡಬಾರದು. ನಿಮ್ಮ ಸಂಶೋಧನೆಯ ಸಂಖ್ಯೆಗಾಗಿ ಯಾರ ಗಂಟಲಿಗೂ ಮಾತ್ರೆ ಇಳಿಯಬಾರದು.

ಪ್ರಶ್ನೆ: ನನ್ನ ತರಗತಿಯಲ್ಲಿ 32 ಮಕ್ಕಳು. ಇಷ್ಟು ಕಡಿಮೆ ಮಕ್ಕಳಿಂದ ಸಂಶೋಧನೆ ಆಗುತ್ತದೆಯೇ? ಫಲಿತಾಂಶವನ್ನು ಶೇಕಡಾವಾರು ತೋರಿಸಲೇಬೇಕೇ?
— ಶಿಕ್ಷಕಿ, ಕಿರಿಯ ಪ್ರಾಥಮಿಕ ಶಾಲೆ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಆಗುತ್ತದೆ. ಕ್ರಿಯಾ ಸಂಶೋಧನೆ ಎಂಬ ಹೆಸರನ್ನು 1946ರಲ್ಲಿ ಬಳಕೆಗೆ ತಂದ ಮನೋವಿಜ್ಞಾನಿ ಕರ್ಟ್ ಲೆವಿನ್ ಆಗಲಿ, 1953ರಲ್ಲಿ ಅದನ್ನು ಶಾಲಾ ಶಿಕ್ಷಕರ ಕೈಗೆ ಕೊಟ್ಟ ಸ್ಟೀಫನ್ ಕೋರಿ ಆಗಲಿ, ಲೋಕಕ್ಕೆಲ್ಲ ಅನ್ವಯಿಸುವ ನಿಯಮವನ್ನು ಒಬ್ಬ ಶಿಕ್ಷಕಿ ಕಂಡುಹಿಡಿಯಲೆಂದು ಬಯಸಿದವರಲ್ಲ. ತನ್ನ ಕೆಲಸವನ್ನು ತಾನೇ ಪರೀಕ್ಷಿಸಿ ಸರಿಪಡಿಸಿಕೊಳ್ಳಲಿ ಎಂಬುದಷ್ಟೇ ಅವರ ಆಸೆ. ಶೇಕಡಾ ಬೇಡ. 32ರಲ್ಲಿ ಒಂದು ಮಗುವೆಂದರೇ ಶೇ. 3.125, ‘ಶೇ. 28.125 ಮಕ್ಕಳು’ ಎಂದು ಬರೆಯುವುದಕ್ಕಿಂತ ‘32ರಲ್ಲಿ 9 ಮಕ್ಕಳು’ ಎಂದರೆ ಓದುವವರಿಗೂ ನಿಮಗೂ ಆ ಒಂಬತ್ತು ಮುಖಗಳು ಕಾಣುತ್ತವೆ.

ಅಳತೆಯ ಬಗ್ಗೆ ಎಚ್ಚರ ಬೇಕೆನ್ನುವುದಕ್ಕೆ ನನ್ನದೇ ಒಂದು ಮುಜುಗರದ ಕಥೆ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ‘ವೈಯಕ್ತಿಕ ಸ್ವಚ್ಛತೆ’ ಎಂದು ವಿಷಯ ಹಿಡಿದು, ಪ್ರತಿ ಸೋಮವಾರ ಪ್ರಾರ್ಥನೆಯ ಸಾಲಿನಲ್ಲಿ ಉಗುರು ನೋಡಿ ಪಟ್ಟಿ ಮಾಡುತ್ತಿದ್ದೆ. ಐದನೆಯ ವಾರಕ್ಕೆ ಎಲ್ಲರ ಉಗುರೂ ಗಿಡ್ಡ. ವರದಿಯಲ್ಲಿ ಹೆಮ್ಮೆಯಿಂದ ಬರೆದೂ ಬಿಟ್ಟೆ. ಆಮೇಲೆ ಒಂದು ದಿನ ತಡವಾಗಿ ಬಂದು ಸಾಲಿನ ಹಿಂದಿನಿಂದ ನೋಡಿದಾಗ ಗೊತ್ತಾಯಿತು: ನಾಡಗೀತೆ ಮುಗಿಯುವುದರೊಳಗೆ ಹುಡುಗರು ತರಾತುರಿಯಲ್ಲಿ ಉಗುರುಗಳನ್ನು ಹಲ್ಲಿನಲ್ಲಿ ಕಚ್ಚಿ ಕಚ್ಚಿ ಉಗುಳುತ್ತಿದ್ದರು. ಉಗುರಿನ ಸಂದಿಯ ಕೊಳೆಯೆಲ್ಲ ನನ್ನ ಸಂಶೋಧನೆಯ ದೆಸೆಯಿಂದ ಅವರ ಹೊಟ್ಟೆ ಸೇರಿತ್ತು.

ಪ್ರಶ್ನೆ: ನಮ್ಮ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳಿವೆ. ಫ್ಲೋರೈಡಿನಿಂದ ಹಲ್ಲಿಗೆ ಆಗುವ ಪರಿಣಾಮದ ಬಗ್ಗೆ ಕ್ರಿಯಾ ಸಂಶೋಧನೆ ಮಾಡಬೇಕೆಂದಿದ್ದೇನೆ. ಹೇಗೆ ಆರಂಭಿಸಲಿ?
— ಮುಖ್ಯ ಶಿಕ್ಷಕರು, ಪಾವಗಡ ತಾಲ್ಲೂಕು

ಉತ್ತರ: ಈ ವಿಷಯವನ್ನು ಬಿಡಬೇಡಿ, ಪ್ರಶ್ನೆಯನ್ನು ಮಾತ್ರ ಬದಲಿಸಿ. ಫ್ಲೋರೈಡ್ ಹಲ್ಲಿಗೆ ಏನು ಮಾಡುತ್ತದೆ ಎಂಬುದು ವಿಜ್ಞಾನಕ್ಕೆ ದಶಕಗಳ ಹಿಂದೆಯೇ ತಿಳಿದಿದೆ, ಅದನ್ನು ಮತ್ತೆ ಕೇಳಿ ನೀವು ಮಾಡುವ ಕ್ರಿಯೆಯೇನೂ ಇಲ್ಲ. ಅಲ್ಲದೆ ಹಲ್ಲಿನ ಆ ಕಲೆಗಳು ಉಂಟಾಗುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ. ಏಳನೆಯ ತರಗತಿಯ ಮಗುವಿಗೆ ಇಂದಿನಿಂದ ಶುದ್ಧ ನೀರು ಕೊಟ್ಟರೂ ಈಗಾಗಲೇ ಮೂಡಿರುವ ಕಲೆ ಮಾಸುವುದಿಲ್ಲ. ಹಲ್ಲನ್ನೇ ಅಳತೆಗೋಲು ಮಾಡಿಕೊಂಡರೆ ನೀವು ಎಷ್ಟು ಒಳ್ಳೆಯ ಕೆಲಸ ಮಾಡಿದರೂ ವರದಿಯಲ್ಲಿ ಸೋತಂತೆ ಕಾಣುತ್ತದೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ನಿಮ್ಮ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಎರಡು ಸಂಗತಿಗಳನ್ನು ಒಂದು ವಾರ ಗಮನಿಸಿ: ಘಟಕದ ಕ್ಯಾನಿನ ನೀರು ಯಾರ ಹೊಟ್ಟೆಗೆ ಹೋಗುತ್ತಿದೆ, ಬಿಸಿಯೂಟದ ಬೇಳೆ ಯಾವ ನೀರಿನಲ್ಲಿ ಬೇಯುತ್ತಿದೆ. ಅನೇಕ ಕಡೆ ಕ್ಯಾನು ಶಿಕ್ಷಕರ ಕೊಠಡಿಯಲ್ಲಿರುತ್ತದೆ, ಮಕ್ಕಳು ಕೈಪಂಪಿನಲ್ಲಿ ಕುಡಿಯುತ್ತಾರೆ, ಅಡುಗೆಗೆ ಕೊಳವೆಬಾವಿಯ ನೀರೇ ಬಳಕೆಯಾಗುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂಬ ನಂಬಿಕೆ ಅಡುಗೆಯವರಲ್ಲಿದ್ದರೆ ತಿದ್ದಿ. ಕುದಿದಷ್ಟೂ ನೀರು ಆವಿಯಾಗಿ ಫ್ಲೋರೈಡ್ ಸಾಂದ್ರವಾಗುತ್ತದೆ. ‘ಶುದ್ಧ ನೀರಿನ ಕ್ಯಾನನ್ನು ತರಗತಿಗಳ ಜಗುಲಿಯಲ್ಲಿ ಮಕ್ಕಳ ಎತ್ತರಕ್ಕೆ ಇಟ್ಟು, ಅಡುಗೆಗೂ ಅದೇ ನೀರನ್ನು ಒದಗಿಸಿದರೆ, ಮೂರು ತಿಂಗಳಲ್ಲಿ ಕೈಪಂಪಿನಲ್ಲಿ ಕುಡಿಯುವ ಮಕ್ಕಳ ಸಂಖ್ಯೆ ಎಷ್ಟು ಇಳಿಯುತ್ತದೆ?’ ಎಂಬುದು ನಿಮ್ಮ ಅಧಿಕಾರದ ಮಿತಿಯೊಳಗಿನ ಪ್ರಶ್ನೆ. ಕ್ಯಾನಿಗೆ ದುಡ್ಡು ಎಲ್ಲಿಂದ ಎಂಬುದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟು, ಆ ಚರ್ಚೆಯನ್ನೂ ವರದಿಯಲ್ಲಿ ದಾಖಲಿಸಿ.

ಪ್ರಶ್ನೆ: ಶಾಲೆಯ ಗೇಟಿನ ಎದುರಿನ ಅಂಗಡಿಯಲ್ಲಿ ತಂಬಾಕು ಮಾರುತ್ತಾರೆ. ಎಷ್ಟು ಮಕ್ಕಳ ತಂದೆಯರು ಗುಟ್ಕಾ ತಿನ್ನುತ್ತಾರೆಂದು ಮಕ್ಕಳಿಂದಲೇ ಸಮೀಕ್ಷೆ ಮಾಡಿಸಬಹುದೇ?
— ದೈಹಿಕ ಶಿಕ್ಷಣ ಶಿಕ್ಷಕರು, ಬಾಗಲಕೋಟೆ ಜಿಲ್ಲೆ

ಉತ್ತರ: ಮಾಡಿಸಬೇಡಿ. ಮಗುವನ್ನು ತನ್ನ ಮನೆಯ ಗೂಢಚಾರನನ್ನಾಗಿ ಮಾಡುವ ಹಕ್ಕು ನಮಗಿಲ್ಲ. ಅಂಗಡಿಯ ವಿಚಾರಕ್ಕೆ ಸಂಶೋಧನೆಯೇ ಬೇಡ: 2003ರ ತಂಬಾಕು ನಿಯಂತ್ರಣ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ತಂಬಾಕು ಉತ್ಪನ್ನಗಳ ಮಾರಾಟ ನಿಷಿದ್ಧ. ಟೇಪು ಹಿಡಿದು ಅಳೆದು ದೂರು ಬರೆಯಿರಿ. ಉತ್ತರ ಕಾನೂನಿನ ಪುಸ್ತಕದಲ್ಲೇ ಇರುವಾಗ ಅದನ್ನು ಪ್ರಸ್ತಾವವಾಗಿ ಬರೆದರೆ ಒಂದು ವರ್ಷ ತಡವಾಗುತ್ತದೆ, ಅಷ್ಟೇ.

ಪ್ರಶ್ನೆ: ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ ‘ನೀರಿನ ಗಂಟೆ’ಯ ಪರಿಣಾಮದ ಬಗ್ಗೆ ಕ್ರಿಯಾ ಸಂಶೋಧನೆ ಮಾಡಿದೆ. ದಿನಕ್ಕೆ ಮೂರು ಸಲ ಗಂಟೆ ಹೊಡೆದು, ಎರಡು ತಿಂಗಳು ಬಾಟಲಿಗಳಲ್ಲಿ ಸಂಜೆ ಉಳಿದ ನೀರಿನ ಮಟ್ಟವನ್ನು ಗುರುತು ಹಾಕಿದೆ. ಗಂಡುಮಕ್ಕಳ ಬಾಟಲಿಗಳು ಖಾಲಿಯಾದವು. 6 ಮತ್ತು 7ನೇ ತರಗತಿಯ ಹೆಣ್ಣುಮಕ್ಕಳ ಬಾಟಲಿಗಳು ಮುಕ್ಕಾಲು ತುಂಬಿದಂತೆಯೇ ಮನೆಗೆ ಹೋಗುತ್ತಿವೆ. ಪ್ರಯೋಗ ವಿಫಲವಾಯಿತು. ವರದಿಯನ್ನು ಸಲ್ಲಿಸಲು ಮನಸ್ಸಾಗುತ್ತಿಲ್ಲ.
— ಸಹಶಿಕ್ಷಕರು, ವಿಜಯಪುರ ಜಿಲ್ಲೆ

ಉತ್ತರ: ದಯವಿಟ್ಟು ಸಲ್ಲಿಸಿ. ಈ ತಿಂಗಳ ಅಂಚೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ ಪತ್ರ ನಿಮ್ಮದು. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ಕರ್ನಾಟಕವೂ ನೀರಿನ ಗಂಟೆಯನ್ನು ತಂದುಕೊಂಡಾಗ ಎಲ್ಲರ ಲಕ್ಷ್ಯ ಗಂಟೆಯ ಮೇಲಿತ್ತು. ನೀವು ಬಾಟಲಿಯನ್ನು ನೋಡಿದಿರಿ, ಅದರಲ್ಲೂ ಹುಡುಗರದನ್ನೂ ಹುಡುಗಿಯರದನ್ನೂ ಬೇರೆ ಬೇರೆಯಾಗಿ ನೋಡಿದಿರಿ. ಒಟ್ಟು ಸರಾಸರಿ ತೆಗೆದಿದ್ದರೆ ‘ನೀರು ಕುಡಿಯುವ ಪ್ರಮಾಣ ಹೆಚ್ಚಿತು’ ಎಂದು ಬರೆದು ಮುಗಿಸಿರುತ್ತಿದ್ದಿರಿ.

ಹೆಣ್ಣುಮಕ್ಕಳು ಕುಡಿಯದಿರುವುದಕ್ಕೆ ಬಾಯಾರಿಕೆ ಇಲ್ಲದಿರುವುದಂತೂ ಕಾರಣವಲ್ಲ. ವಿಜಯಪುರದ ಬಿಸಿಲು ಹುಡುಗರಿಗೊಂದು ಹುಡುಗಿಯರಿಗೊಂದು ಇರುವುದಿಲ್ಲ. ಕುಡಿದರೆ ಹೋಗಬೇಕು, ಹೋಗುವುದೆಲ್ಲಿಗೆ ಎಂಬುದೇ ತೊಡಕಿರಬಹುದು. ಶಾಲೆಯಲ್ಲಿ ಶೌಚಾಲಯ ಇದೆ ಎಂದು ದಾಖಲೆಯಲ್ಲಿ ಬರೆಯುವುದು ಸುಲಭ. ನೀವು ಶಿಕ್ಷಕಿಯೊಬ್ಬರ ಜೊತೆಗೂಡಿ ಒಂದು ವಾರ, ದಿನಕ್ಕೆ ಮೂರು ಹೊತ್ತು, ಬೆಳಿಗ್ಗೆ 10ಕ್ಕೆ, ಮಧ್ಯಾಹ್ನ 1ಕ್ಕೆ, 3ಕ್ಕೆ, ಹುಡುಗಿಯರ ಶೌಚಾಲಯ ಖಾಲಿ ಇರುವಾಗ ಅದರ ಸ್ಥಿತಿಯನ್ನು ದಾಖಲಿಸಿ: ಬೀಗ ತೆಗೆದಿದೆಯೇ, ಬೀಗದ ಕೈ ಯಾರ ಬಳಿ ಇದೆ, ಒಳಗಿನ ಚಿಲಕ ಹಾಕಲು ಬರುತ್ತದೆಯೇ, ಬಕೆಟ್‌ನಲ್ಲಿ ನೀರಿದೆಯೇ, ಮುಚ್ಚಳವಿರುವ ಕಸದ ಬುಟ್ಟಿ ಇದೆಯೇ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ 1ರ ನಂತರ ನೀರು ಖಾಲಿಯಾಗುವ ಶೌಚಾಲಯಗಳು ನಮ್ಮಲ್ಲಿ ಬಹಳ. ಆರು, ಏಳನೆಯ ತರಗತಿಯೆಂದರೆ ಕೆಲವರು ಮುಟ್ಟಾಗಲು ಆರಂಭಿಸಿದ ವಯಸ್ಸು; ಆದರೆ ಯಾರು ಯಾವಾಗ ಎಂಬುದನ್ನು ನೀವು ಕೇಳುವುದೂ ಬೇಡ, ಪಟ್ಟಿ ಮಾಡುವುದೂ ಬೇಡ. ಪರಿಶೀಲನೆಗೆ ಒಳಗಾಗಬೇಕಾದದ್ದು ಚಿಲಕ ಮತ್ತು ಬಕೆಟ್, ಹುಡುಗಿಯರಲ್ಲ. ದಿನವಿಡೀ ನೀರು ಕುಡಿಯದೆ ಮೂತ್ರ ತಡೆದಿಟ್ಟುಕೊಳ್ಳುವ ಮಕ್ಕಳಿಗೆ ಮೂತ್ರನಾಳದ ಸೋಂಕು, ಮಲಬದ್ಧತೆ, ಮಧ್ಯಾಹ್ನದ ತಲೆನೋವು ಬರುವುದುಂಟು. ‘ಕೊನೆಯ ಪೀರಿಯಡ್‌ನಲ್ಲಿ ಹುಡುಗಿಯರು ಮಂಕಾಗಿರುತ್ತಾರೆ’ ಎಂಬ ಶಿಕ್ಷಕರ ದೂರಿಗೂ ಇದಕ್ಕೂ ನಂಟಿದ್ದೀತು.

ಲೆವಿನ್ ಹೇಳಿದ ಕ್ರಿಯಾ ಸಂಶೋಧನೆ ಒಂದು ಸುತ್ತಿನಲ್ಲಿ ಮುಗಿಯುವುದಲ್ಲ. ಯೋಜಿಸು, ಮಾಡು, ನೋಡು, ಮತ್ತೆ ಯೋಜಿಸು ಎಂದು ಸುರುಳಿಯಂತೆ ಸಾಗುವುದು. ನಿಮ್ಮ ಮೊದಲ ಸುತ್ತು ಎರಡನೆಯ ಸುತ್ತಿನ ಪ್ರಶ್ನೆಯನ್ನು ಹೆತ್ತಿದೆ. ವರದಿಯ ಕೊನೆಯ ಪುಟದಲ್ಲಿ ‘ಸಲಹೆಗಳು’ ಎಂಬ ತಲೆಬರಹವನ್ನು ಹೊಡೆದುಹಾಕಿ, ಆ ಜಾಗದಲ್ಲಿ ಹೀಗೆ ಬರೆಯಿರಿ: ‘ಹೆಣ್ಣುಮಕ್ಕಳ ಶೌಚಾಲಯದ ಒಳಚಿಲಕವನ್ನು ಸರಿಪಡಿಸಿ, ಮಧ್ಯಾಹ್ನ 12.30ಕ್ಕೆ ಎರಡನೆಯ ಸಲ ನೀರು ತುಂಬಿಸಿ, ಬೀಗದ ಕೈಯನ್ನು ತರಗತಿಯ ಗೋಡೆಯ ಮೊಳೆಗೆ ತೂಗುಹಾಕಿದರೆ, 6 ಮತ್ತು 7ನೇ ತರಗತಿಯ ಹೆಣ್ಣುಮಕ್ಕಳ ಬಾಟಲಿಯಲ್ಲಿ ಸಂಜೆ ಉಳಿಯುವ ನೀರು ಎಂಟು ವಾರಗಳಲ್ಲಿ ಎಷ್ಟು ಇಳಿಯುತ್ತದೆ?’ ಬಾಟಲಿಗಳ ಮೇಲೆ ಹಾಕಿದ ಗುರುತುಗಳನ್ನು ಅಳಿಸಬೇಡಿ, ಹೋಲಿಕೆಗೆ ಬೇಕಾಗುತ್ತವೆ.